ಬಾಗಿಲ ಮೇಲೆ ‘ನಾಳೆ ಬಾ’ ಬರೆದರೆ ಸಾಕೇ?

ಸಣ್ಣಪುಟ್ಟ ಸರ್ವರ್‌ಗಳನ್ನು ನೋಡಿಕೊಳ್ಳುವವರ ಒಂದು ಭಾನುವಾರದ ಕೂಟದಲ್ಲಿ, ಪಾಸ್‌ವರ್ಡ್ ಊಹಿಸಿ ಸರ್ವರ್‌ಗೆ ನುಗ್ಗುವವರನ್ನು ತಡೆಯುವ ಬಗ್ಗೆ ಆಡಿದ ಮಾತಿನ ಬರಹ ರೂಪ ಇದು. ಅಲ್ಲಿ ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಬಾಯಿಮಾತಿನಲ್ಲೇ ಹೇಳಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಿನ್ನೆ ರಾತ್ರಿ ಊಟ ಮುಗಿಸಿ ಒಂದು ಹೊಸ ಸರ್ವರ್ ಬಾಡಿಗೆಗೆ ತೆಗೆದುಕೊಂಡೆ. ಅದರಲ್ಲಿ ಏನೂ ಇಲ್ಲ. ವೆಬ್‌ಸೈಟ್ ಇಲ್ಲ, ಡೊಮೇನ್ ಹೆಸರಿಲ್ಲ, ಅದರ ವಿಳಾಸವನ್ನು ನಾನು ಯಾರಿಗೂ ಕೊಟ್ಟಿಲ್ಲ. ಸುಮ್ನೆ ಉಬುಂಟು ಲಿನಕ್ಸ್ ಹಾಕಿ, ಒಂದು ಮಾರುದ್ದದ ಪಾಸ್‌ವರ್ಡ್ ಕೊಟ್ಟು, ದೂರದಿಂದ ಲಾಗಿನ್ ಆಗುವ ಬಾಗಿಲಾದ ಎಸ್‌ಎಸ್‌ಎಚ್ ತೆರೆದಿಟ್ಟು ಮಲಗಿದೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಲಾಗ್, ಅಂದರೆ ಬಂದುಹೋದವರ ದಾಖಲೆ, ತೆಗೆದರೆ ಪುಟ ಮುಗಿಯುವುದೇ ಇಲ್ಲ. ‘ಫೇಲ್ಡ್ ಪಾಸ್‌ವರ್ಡ್’, ‘ಫೇಲ್ಡ್ ಪಾಸ್‌ವರ್ಡ್’, ‘ಫೇಲ್ಡ್ ಪಾಸ್‌ವರ್ಡ್’. ನಾನು ಗೊರಕೆ ಹೊಡೆಯುತ್ತಿದ್ದಾಗ ಯಾರ್ಯಾರೋ ಬಂದು ಬಾಗಿಲು ತಟ್ಟಿ ಹೋಗಿದ್ದಾರೆ.

1990ರ ದಶಕ ನೆನಪಿರುವವರು ಇಲ್ಲಿ ಎಷ್ಟು ಜನ ಇದ್ದೀರಿ? ಆಗ ನಮ್ಮ ಕಡೆ ಮನೆ ಬಾಗಿಲ ಮೇಲೆಲ್ಲ ‘ನಾಳೆ ಬಾ’ ಅಂತ ಬರೆದಿರುತ್ತಿದ್ದರು. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ, ಗುರುತಿನವರ ದನಿಯಲ್ಲೇ ಕರೆಯುತ್ತದೆ, ತೆಗೆದರೆ ಮುಗಿಯಿತು ಅನ್ನುವ ಸುದ್ದಿ. ದೆವ್ವ ಬರಹ ಓದಿಕೊಂಡು ವಾಪಸ್ ಹೋಗುತ್ತದಂತೆ. ಮರುದಿನ ಬಂದು ಮತ್ತೆ ಓದುತ್ತದಂತೆ, ಮತ್ತೆ ಹೋಗುತ್ತದಂತೆ. ದೆವ್ವಕ್ಕೂ ಕನ್ನಡ ಓದಲು ಬರುತ್ತಿತ್ತಲ್ಲ ಅಂತ ನನಗೆ ಈಗಲೂ ಖುಷಿ. ಸರ್ವರ್ ಕಾಯುವವರಲ್ಲಿ ಬಹಳ ಜನ ಇವತ್ತಿಗೂ ಮಾಡುತ್ತಿರುವುದು ಇದನ್ನೇ. ಬಾಗಿಲ ಮೇಲೆ ‘ನಾಳೆ ಬಾ’ ಬರೆದು ನೆಮ್ಮದಿಯಾಗಿ ಮಲಗುತ್ತೇವೆ. ನಾನೂ ಹಾಗೆ ಮಲಗಿದವನೇ. ಅದರ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ಈ ಲಾಗ್ ಸ್ವಲ್ಪ ಹತ್ತಿರದಿಂದ ನೋಡೋಣ. ಸೋತ ಲಾಗಿನ್‌ಗಳನ್ನು ಮಾತ್ರ ತೋರಿಸಲು ‘ಲಾಸ್ಟ್‌ಬಿ’ ಅನ್ನುವ ಒಂದು ಪುಟ್ಟ ಕಮಾಂಡ್ ಇದೆ. ಎಷ್ಟೋ ವರ್ಷದಿಂದ ಲಿನಕ್ಸ್ ಬಳಸುವವರೂ ಇದನ್ನು ಒಮ್ಮೆಯೂ ಓಡಿಸಿರುವುದಿಲ್ಲ. ಹೆಸರುಗಳನ್ನು ನೋಡಿ: ರೂಟ್, ರೂಟ್, ರೂಟ್, ಅಡ್ಮಿನ್, ಟೆಸ್ಟ್, ಉಬುಂಟು, ಗಿಟ್, ಒರಾಕಲ್, ಪೋಸ್ಟ್‌ಗ್ರೆಸ್, ಹಡೂಪ್, ಪೈ. ಇದರಲ್ಲಿ ಒಂದೂ ಮನುಷ್ಯರ ಹೆಸರಿಲ್ಲ, ಎಲ್ಲ ಕೆಲಸದ ಹೆಸರುಗಳು. ರೂಟ್ ಅಂದರೆ ಸರ್ವರ್‌ನ ಯಜಮಾನ ಯೂಸರ್. ಡೇಟಾಬೇಸ್ ಹಾಕುವಾಗ ಅವಸರದಲ್ಲಿ ಮಾಡಿದ ಯೂಸರ್, ಅದೇ ಹೆಸರನ್ನೇ ಪಾಸ್‌ವರ್ಡ್ ಆಗಿ ಇಟ್ಟಿರುವ ಯೂಸರ್, ಅಂಥವನ್ನೇ ಹುಡುಕುತ್ತಿದ್ದಾರೆ. ಆ ಕೊನೆಯ ‘ಪೈ’ ರಾಸ್ಪ್‌ಬೆರಿ ಪೈ ಬೋರ್ಡಿನದು. ವರ್ಷಗಟ್ಟಲೆ ಅದು ‘ಪೈ’ ಅನ್ನುವ ಯೂಸರ್, ‘ರಾಸ್ಪ್‌ಬೆರಿ’ ಅನ್ನುವ ಪಾಸ್‌ವರ್ಡ್ ಜೊತೆಗೇ ಬರುತ್ತಿತ್ತು. 2022ರ ಏಪ್ರಿಲ್‌ನಲ್ಲಿ ಅದನ್ನು ತೆಗೆದುಹಾಕಿದರು. ತಟ್ಟುವವರ ಪಟ್ಟಿಯಿಂದ ಮಾತ್ರ ಆ ಹೆಸರು ಇನ್ನೂ ಹೋಗಿಲ್ಲ.

‘ನನ್ನ ಸರ್ವರ್ ಮೇಲೆ ಯಾಕೆ? ನನ್ನ ಹತ್ತಿರ ಕದಿಯಲು ಏನಿದೆ?’ ಅಂತ ಎಲ್ಲರೂ ಕೇಳುತ್ತಾರೆ. ಉತ್ತರ ಏನೆಂದರೆ, ನಿಮ್ಮ ಮೇಲೆ ಯಾರಿಗೂ ಕಣ್ಣಿಲ್ಲ. ಇಂಟರ್‌ನೆಟ್‌ನಲ್ಲಿ ಯಂತ್ರಗಳ ಮನೆ ನಂಬರ್ ಅಂದರೆ ಐಪಿ ವಿಳಾಸ. ಅದರ ಹಳೆಯ ಬಗೆಯಲ್ಲಿ (ಐಪಿವಿ4) ಒಟ್ಟು ಸುಮಾರು 429 ಕೋಟಿ ವಿಳಾಸಗಳು. ಜಾಸ್ತಿ ಅನ್ನಿಸುತ್ತೆ ಅಲ್ವಾ? ಮಿಶಿಗನ್ ವಿಶ್ವವಿದ್ಯಾಲಯದವರು 2013ರಲ್ಲಿ ‘ಝೆಡ್‌ಮ್ಯಾಪ್’ ಅಂತ ಒಂದು ಸಾಧನ ಬಿಟ್ಟರು. ಒಂದೇ ಯಂತ್ರ, ಒಂದು ಗಿಗಾಬಿಟ್ ಸಂಪರ್ಕ. ಯಂತ್ರದ ನಂಬರ್ ಹಾಕಿದ ಬಾಗಿಲುಗಳಿಗೆ ಪೋರ್ಟ್ ಅನ್ನುತ್ತಾರೆ. ಅಷ್ಟರಲ್ಲೇ ಇಡೀ ಇಂಟರ್‌ನೆಟ್‌ನ ಒಂದು ಪೋರ್ಟನ್ನು 45 ನಿಮಿಷದೊಳಗೆ ತಟ್ಟಿ ನೋಡಿತ್ತು. ಅವರು ಸಂಶೋಧಕರು. ಬಾಗಿಲು ತಟ್ಟುವ ಬಾಟ್‌ಗಳ, ಅಂದರೆ ತಾವಾಗಿಯೇ ಓಡುವ ಪ್ರೋಗ್ರಾಂಗಳ, ಕೈಯಲ್ಲಿ ಇರುವುದೂ ಅದೇ ಲೆಕ್ಕಾಚಾರ. ಸರ್ವರ್ ಹೊಸದೋ ಹಳೆಯದೋ, ಬ್ಯಾಂಕಿನದೋ ಭಜನಾ ಮಂಡಳಿಯದೋ ಅನ್ನುವುದು ಬಾಟ್‌ಗೆ ಬೇಕಿಲ್ಲ.

ಈಗ ಒಂದು ಸಣ್ಣ ಲೆಕ್ಕ. ಎಂಟು ಅಕ್ಷರದ ಪಾಸ್‌ವರ್ಡ್, ಬರೀ ಸಣ್ಣ ಇಂಗ್ಲಿಷ್ ಅಕ್ಷರಗಳು ಅಂದುಕೊಳ್ಳಿ. 26ನ್ನು ಎಂಟು ಸಲ ಗುಣಿಸಿದರೆ ಸುಮಾರು 20,900 ಕೋಟಿ ಸಾಧ್ಯತೆಗಳು. ಬಾಟ್ ಒಂದು ಸೆಕೆಂಡಿಗೆ 10 ಸಲ ಪ್ರಯತ್ನಿಸಿದರೂ ಎಲ್ಲವನ್ನೂ ಮುಗಿಸಲು 660 ವರ್ಷ ಬೇಕು. ವಿಜಯನಗರದ ಬುಕ್ಕರಾಯನ ಕಾಲದಲ್ಲಿ ಶುರುಮಾಡಿದ್ದರೆ ಈಗ ಮುಗಿಯುವ ಹೊತ್ತು. ಹಾಗಾದರೆ ಒಂದೇ ರಾತ್ರಿಯಲ್ಲಿ ಸರ್ವರ್‌ಗಳು ಹೇಗೆ ಬೀಳುತ್ತವೆ?

ಯಾಕೆಂದರೆ ಅವರು ಎಲ್ಲ ಸಾಧ್ಯತೆಗಳನ್ನು ಪ್ರಯತ್ನಿಸುವುದೇ ಇಲ್ಲ. ಈ ದಾಳಿಗೆ ಇಟ್ಟಿರುವ ‘ಬ್ರೂಟ್ ಫೋರ್ಸ್’ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಇಲ್ಲಿ ತೋಳ್ಬಲ ಏನೂ ಇಲ್ಲ, ಜೇಬಿನಲ್ಲಿ ಒಂದು ಚೀಟಿ ಇದೆ ಅಷ್ಟೇ. 1988ರ ನವೆಂಬರ್ 2ರಂದು ಹೊರಬಿದ್ದ, ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹರಡುವ ಪ್ರೋಗ್ರಾಂ ಮಾರಿಸ್ ವರ್ಮ್ ಹತ್ತಿರವೂ ಒಂದು ಚೀಟಿ ಇತ್ತು, ಅದರಲ್ಲಿ 432 ಪದಗಳು. ಅದು ಒಳನುಗ್ಗಲು ಬಳಸಿದ ದಾರಿಗಳಲ್ಲಿ ಇದೂ ಒಂದು. 2016ರ ಮಿರಾಯ್ ಬಾಟ್‌ನೆಟ್ (ಕಳ್ಳರು ವಶಮಾಡಿಕೊಂಡ ಯಂತ್ರಗಳ ಪಡೆ) ಚೀಟಿಯಲ್ಲಿ ಇದ್ದದ್ದು 60 ಚಿಲ್ಲರೆ ಯೂಸರ್‌ನೇಮ್ ಪಾಸ್‌ವರ್ಡ್ ಜೋಡಿಗಳು. ಕ್ಯಾಮೆರಾ, ರೌಟರ್‌ಗಳ ಜೊತೆ ಕಾರ್ಖಾನೆಯಿಂದಲೇ ಬರುವ ಪಾಸ್‌ವರ್ಡ್‌ಗಳು ಅವು. ಆ ಅರವತ್ತೇ ಸಾಕಾಗಿ ಲಕ್ಷಗಟ್ಟಲೆ ಸಾಧನಗಳು ಕೈಗೆ ಸಿಕ್ಕವು. ಅದೇ ವರ್ಷ ಅಕ್ಟೋಬರ್ 21ರಂದು ಡಿನ್ ಅನ್ನುವ, ವೆಬ್‌ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ (ಡಿಎನ್‌ಎಸ್) ಕಂಪನಿಯ ಮೇಲೆ ಅವು ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಗಂಟೆಗಟ್ಟಲೆ ತೆರೆಯಲಿಲ್ಲ. ಇನ್ನು 2009ರ ಡಿಸೆಂಬರ್‌ನಲ್ಲಿ ರಾಕ್‌ಯೂ ಅನ್ನುವ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಸೋರಿದವು. ಎಲ್ಲವೂ ಇದ್ದ ಹಾಗೇ ಬರೆದಿಟ್ಟಿದ್ದವು. ಅದರಲ್ಲಿ ಮೊದಲ ಸ್ಥಾನ ಯಾವುದಕ್ಕೆ ಅಂತ ನೀವೇ ಊಹಿಸಿ. ಹೌದು, 123456. ಆ ಪಟ್ಟಿ ಇವತ್ತಿಗೂ ಎಲ್ಲರ ಕೈಯಲ್ಲೂ ಓಡಾಡುತ್ತಿದೆ.

ನಮ್ಮವರದ್ದು ಬೇರೆ ಏನಲ್ಲ. ಸಂಸ್ಥೆಯ ಹೆಸರು, ಒಂದು ‘ಅಟ್’ ಚಿಹ್ನೆ, 123. ಇಲ್ಲವೇ ಊರಿನ ಹೆಸರು, ಆಮೇಲೆ ಈ ವರ್ಷ. ‘ದೊಡ್ಡಕ್ಷರ ಇದೆ, ಚಿಹ್ನೆ ಇದೆ, ಅಂಕಿ ಇದೆ, ಗಟ್ಟಿ ಪಾಸ್‌ವರ್ಡ್’ ಅಂತ ಮೀಟರ್ ಹಸಿರು ಬಣ್ಣ ತೋರಿಸುತ್ತದೆ. ಚೀಟಿ ಮಾಡುವವನಿಗೂ ಈ ಚಾಳಿ ಗೊತ್ತಿದೆ.

ಈಗ ನನ್ನ ಕಥೆ. ಕೆಲವು ವರ್ಷದ ಹಿಂದೆ ಒಂದು ಸಣ್ಣ ಸಂಸ್ಥೆಯ ಲೆಕ್ಕಪತ್ರದ ಸರ್ವರ್ ನೋಡಿಕೊಳ್ಳುತ್ತಿದ್ದೆ. ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದ. ‘ಮಾಮ, ನಿಜವಾದ ಸರ್ವರ್ ಒಂದ್ಸಲ ನೋಡ್ಬೇಕು, ಹತ್ತೇ ನಿಮಿಷ’ ಅಂದ. ಬೇರೆಯವರ ಸರ್ವರ್‌ನಲ್ಲಿ ಅವನನ್ನು ಬಿಡಲೇಬಾರದಿತ್ತು, ಆ ಮಾತು ಬೇರೆ. ‘ಟೆಸ್ಟ್’ ಅಂತ ಯೂಸರ್ ಮಾಡಿದೆ. ಪಾಸ್‌ವರ್ಡ್ ‘ಟೆಸ್ಟ್123’. ಹತ್ತು ನಿಮಿಷಕ್ಕೆ ಇಷ್ಟು ಸಾಕು ಅಂದುಕೊಂಡೆ. ಅವನು ನೋಡಿದ, ಖುಷಿಪಟ್ಟ, ಹೋದ. ನಾನು ಅಳಿಸುವುದು ಮರೆತೆ. ಪದೇ ಪದೇ ಸೋತವರನ್ನು ಹೊರಗಿಡುವ ಫೇಲ್‌ಟುಬ್ಯಾನ್ ಹಾಕಿದ್ದೀನಲ್ಲ, ಅದು ನೋಡಿಕೊಳ್ಳುತ್ತದೆ ಅನ್ನುವ ಧೈರ್ಯ ಬೇರೆ.

ಮೂರನೇ ದಿನ ಬೆಳಿಗ್ಗೆ ಅಲ್ಲಿನ ಲೆಕ್ಕದ ಮೇಡಂ ಫೋನು. ‘ಸರ್, ಬಿಲ್ ಹಾಕೋಕಾಗ್ತಿಲ್ಲ, ಬರೀ ಸುತ್ತುತ್ತಾನೇ ಇದೆ.’ ಒಳಗೆ ಹೋಗಿ, ಯಾವ ಪ್ರೋಗ್ರಾಂ ಎಷ್ಟು ಸಿಪಿಯು ತಿನ್ನುತ್ತಿದೆ ಅಂತ ತೋರಿಸುವ ‘ಟಾಪ್’ ಹಾಕಿದೆ. ಮೇಲುಗಡೆ ‘ಕೆಸ್ವಾಪ್‌ಡಿ0’ ಕೂತಿದೆ, ನಾಲ್ಕೂ ಕೋರ್ ತಿನ್ನುತ್ತಿದೆ. ಇದು ಕರ್ನಲ್‌ನದೇ, ಅಂದರೆ ಲಿನಕ್ಸ್‌ನ ತಿರುಳಿನದೇ, ಹೆಸರು. ಮೆಮೊರಿ ಸಾಲದೆ ಹೋದಾಗ ಪುಟಗಳನ್ನು ಹೊರಹಾಕುವ ಕೆಲಸದವನು. ‘ಓಹೋ, ರ‍್ಯಾಮ್ ಕಮ್ಮಿ ಆಗಿದೆ’ ಅಂದುಕೊಂಡು ನಾನು ರ‍್ಯಾಮ್ ಜಾಸ್ತಿ ಮಾಡಿಸಲು ಸಂಸ್ಥೆಗೆ ಮೇಲ್ ಬರೆಯಲೂ ಶುರುಮಾಡಿದ್ದೆ. ಬರೆಯುತ್ತಾ ಬರೆಯುತ್ತಾ ಕಣ್ಣು ಪಕ್ಕದ ಕಾಲಂ ಮೇಲೆ ಬಿತ್ತು. ಯೂಸರ್: ಟೆಸ್ಟ್. ಅಸಲಿ ಕೆಸ್ವಾಪ್‌ಡಿ ಯಾವಾಗಲೂ ರೂಟ್ ಹೆಸರಿನಲ್ಲೇ ಇರುತ್ತಾನೆ. ಇವನು ವೇಷ ಹಾಕಿಕೊಂಡು ಬಂದವನು. ಮೊನೆರೋ ಅನ್ನುವ ಕ್ರಿಪ್ಟೋ ನಾಣ್ಯ ಅಗೆಯುವ ಪ್ರೋಗ್ರಾಂ.

ಕೊಂದೆ. ಒಂದು ನಿಮಿಷದಲ್ಲಿ ಮತ್ತೆ ಎದ್ದ. ಹೊತ್ತುಹೊತ್ತಿಗೆ ತಾನಾಗಿ ಓಡುವ ಕೆಲಸಗಳ ಪಟ್ಟಿ ಕ್ರಾನ್‌ಟ್ಯಾಬ್ ನೋಡಿದರೆ ಅವನನ್ನು ಎಬ್ಬಿಸುವ ಸಾಲು ಅಲ್ಲಿತ್ತು. ಅದನ್ನು ಅಳಿಸಿ, ಪಾಸ್‌ವರ್ಡ್ ಬದಲಿಸಿ, ಗೆದ್ದೆ ಅಂತ ಟೀ ಕುಡಿದು ಬಂದರೆ ಮತ್ತೆ ಹಾಜರು. ಪಾಸ್‌ವರ್ಡ್ ಇಲ್ಲದೆ ಒಳಗೆ ಬಿಡುವ ಕೀಗಳ ಪಟ್ಟಿ ಇರುವುದು ‘ಆಥರೈಸ್ಡ್ ಕೀಸ್’ ಫೈಲಿನಲ್ಲಿ. ಟೆಸ್ಟ್ ಯೂಸರ್‌ನ ಆ ಫೈಲಿನಲ್ಲಿ ಒಂದು ಅಪರಿಚಿತ ಕೀ ಇತ್ತು. ಅಂದರೆ ಕಳ್ಳ ಒಳಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ ತನಗೊಂದು ಬೀಗದ ಕೈ ಮಾಡಿಸಿಕೊಂಡದ್ದು. ನಾನು ಇನ್ನೂ ಪಾಸ್‌ವರ್ಡ್ ನಂಬಿಕೊಂಡಿದ್ದೆ, ಅವನಿಗೆ ಅದರ ಹಂಗೇ ಇರಲಿಲ್ಲ! ಆ ಕ್ಷಣದ ಅವಮಾನ ಇದೆಯಲ್ಲ, ಈ ಇಡೀ ಮಾತು ಅಲ್ಲಿಂದಲೇ ಹುಟ್ಟಿದ್ದು. ಕೊನೆಗೆ ಬ್ಯಾಕಪ್ ತೆಗೆದು, ಸರ್ವರ್ ಅಳಿಸಿ, ಹೊಸದಾಗಿ ಕಟ್ಟಿದೆ. ಒಳಗೆ ಬಂದುಹೋದವನು ಇನ್ನೇನು ಬಿಟ್ಟುಹೋಗಿದ್ದಾನೆ ಅಂತ ಹುಡುಕುತ್ತಾ ಕೂರುವುದಕ್ಕಿಂತ ಅದೇ ವಾಸಿ.

ಸರಿ, ಪರಿಹಾರಕ್ಕೆ ಬರೋಣ. ಎಸ್‌ಎಸ್‌ಎಚ್ ಹುಟ್ಟಿದ್ದೇ ಪಾಸ್‌ವರ್ಡ್ ಕಳ್ಳತನದಿಂದ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಕದ್ದು ಕೇಳುವ ಪ್ರೋಗ್ರಾಂ ಇಟ್ಟು ಪಾಸ್‌ವರ್ಡ್‌ಗಳನ್ನು ಬಾಚಿಕೊಂಡರು. ಅಲ್ಲಿದ್ದ ತಾತು ಯುಲೊನೆನ್ ಅದಕ್ಕೆ ಉತ್ತರವಾಗಿ ಇದನ್ನು ಬರೆದರು. ಹಳೆಯ ಎಫ್‌ಟಿಪಿಗೆ ಪೋರ್ಟ್ 21, ಟೆಲ್ನೆಟ್‌ಗೆ 23, ನಡುವೆ 22 ಖಾಲಿ ಇತ್ತು, ಕೇಳಿ ತೆಗೆದುಕೊಂಡರು. ಮಾತೆಲ್ಲ ಗೂಢಲಿಪಿಯಲ್ಲಿ ಹೋಗುವುದರಿಂದ ದಾರಿಯಲ್ಲಿ ಕದ್ದು ಕೇಳುವುದು ಅಲ್ಲಿಗೆ ನಿಂತಿತು. ಆದರೆ ಬಾಗಿಲಿಗೇ ಬಂದು ಊಹಿಸುವವನನ್ನು ಗೂಢಲಿಪಿ ಏನು ಮಾಡೀತು? ಅದಕ್ಕೆ ಬೇಕಾದದ್ದೂ ಎಸ್‌ಎಸ್‌ಎಚ್ ಒಳಗೇ ಮೊದಲಿಂದ ಇದೆ: ಕೀ.

ಕೀ ಅಂದರೆ ಜೋಡಿ. ಒಂದು ನಿಮ್ಮ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತದೆ, ಅದನ್ನು ಯಾರಿಗೂ ಕೊಡಬೇಡಿ. ಇನ್ನೊಂದನ್ನು ಸರ್ವರ್‌ನಲ್ಲಿ ಇಡುತ್ತೀರಿ, ಅದನ್ನು ಊರಿಗೆಲ್ಲ ಡಂಗುರ ಸಾರಿದರೂ ನಷ್ಟ ಇಲ್ಲ. ಲಾಗಿನ್ ಆಗುವಾಗ ನಿಮ್ಮ ಲ್ಯಾಪ್‌ಟಾಪ್ ಆ ಹೊತ್ತಿನ ಸಂಪರ್ಕಕ್ಕೆ ಮಾತ್ರ ಹೊಂದುವ ಒಂದು ಸಹಿ ಹಾಕಿ ಕಳಿಸುತ್ತದೆ. ಗುಟ್ಟು ನಿಮ್ಮ ಯಂತ್ರ ಬಿಟ್ಟು ಹೊರಗೇ ಬರುವುದಿಲ್ಲ. ಊಹಿಸಲು ಅಲ್ಲಿ ಪದವೇ ಇಲ್ಲ. ‘ಎಡ್25519’ ಅನ್ನುವ ಬಗೆಯ ಕೀ ಮಾಡಿ, ಅದಕ್ಕೊಂದು ಪಾಸ್‌ಫ್ರೇಸ್, ಅಂದರೆ ಕೀ ಫೈಲಿಗೇ ಹಾಕುವ ಗುಟ್ಟಿನ ಮಾತು, ಕೊಡಿ. ‘ಎಸ್‌ಎಸ್‌ಎಚ್ ಕಾಪಿ ಐಡಿ’ ಅನ್ನುವ ಕಮಾಂಡ್ ಜೋಡಿಯಲ್ಲಿ ಸರ್ವರ್‌ನಲ್ಲಿ ಇಡಬೇಕಾದದ್ದನ್ನು ಮಾತ್ರ ಅಲ್ಲಿಗೆ ತಲುಪಿಸುತ್ತದೆ. ಐದು ನಿಮಿಷದ ಕೆಲಸ.

ಇಲ್ಲಿಗೇ ನಿಲ್ಲಿಸಿದರೆ ಏನೂ ಮಾಡಿದ ಹಾಗಾಗಲಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಕೀ ಹಾಕಿದರು, ಪಾಸ್‌ವರ್ಡ್ ಇಲ್ಲದೆ ಒಳಗೆ ಹೋದರು, ‘ಆಯ್ತು, ಸೇಫ್’ ಅಂದರು. ಮುಂಬಾಗಿಲಿಗೆ ಹೊಸ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಸರ್ವರ್‌ನಲ್ಲಿ ಬಾಗಿಲು ಕಾಯುವ ಪ್ರೋಗ್ರಾಂ ಎಸ್‌ಎಸ್‌ಎಚ್‌ಡಿ. ಅದರ ಕಾನ್ಫಿಗ್ ಫೈಲಿನಲ್ಲಿ ‘ಪಾಸ್‌ವರ್ಡ್ ಅಥೆಂಟಿಕೇಶನ್’ ಸಾಲಿಗೆ ‘ನೋ’ ಅನ್ನಬೇಕು. ಜೊತೆಗೆ ‘ಕೆಬಿಡಿ ಇಂಟರಾಕ್ಟಿವ್’ ಸಾಲಿಗೂ ‘ನೋ’ ಅನ್ನಿ, ಇಲ್ಲದಿದ್ದರೆ ಅದೇ ಪಾಸ್‌ವರ್ಡ್ ಬೇರೆ ಹೆಸರಿನಲ್ಲಿ ಒಳಗೆ ಬರಬಹುದು.

ಈಗ ಗುಂಡಿ ಇರುವ ಜಾಗ. ಉಬುಂಟುವಿನಲ್ಲಿ ಈ ಮುಖ್ಯ ಫೈಲಿನ ಆರಂಭದಲ್ಲೇ ‘ಪಕ್ಕದ ಡೈರೆಕ್ಟರಿಯ ಫೈಲ್‌ಗಳನ್ನೂ ಓದು’ ಅನ್ನುವ ಒಂದು ಸಾಲಿದೆ. ಬಾಡಿಗೆ ಸರ್ವರ್‌ಗಳಲ್ಲಿ ಆ ಡೈರೆಕ್ಟರಿಯೊಳಗೆ ‘50 ಕ್ಲೌಡ್ ಇನಿಟ್’ ಅಂತ ಒಂದು ಪುಟ್ಟ ಫೈಲ್ ಇರಬಹುದು. ಅದರಲ್ಲಿ ಒಂದೇ ಸಾಲು: ಪಾಸ್‌ವರ್ಡ್ ಅಥೆಂಟಿಕೇಶನ್, ಯೆಸ್. ಎಸ್‌ಎಸ್‌ಎಚ್‌ಡಿಯ ನಿಯಮ ಏನು ಗೊತ್ತಾ? ಒಂದೇ ವಿಷಯಕ್ಕೆ ಎರಡು ಮಾತು ಸಿಕ್ಕರೆ ಮೊದಲು ಕಂಡದ್ದೇ ಕೊನೆ ಮಾತು. ನೀವು ಕೆಳಗೆ ಎಷ್ಟೇ ದೊಡ್ಡದಾಗಿ ‘ನೋ’ ಬರೆದರೂ ಅದು ಕೇಳಿಸಿಕೊಳ್ಳುವುದಿಲ್ಲ. ಎಡವಿದೆ ಅಂತ ಎರರ್ ಕೂಡ ಬರುವುದಿಲ್ಲ. ನಾನು ಹೊಸದಾಗಿ ಕಟ್ಟಿದೆ ಅಂದೆನಲ್ಲ, ಆ ಸರ್ವರ್ ಎರಡು ವಾರ ಹೀಗೇ ಇತ್ತು. ನಾನು ಮುಚ್ಚಿದ್ದೀನಿ ಅಂದುಕೊಂಡಿದ್ದೆ, ಬಾಗಿಲು ಮಾತ್ರ ತೆರೆದಿತ್ತು. ಒಮ್ಮೆ ಸೋತವನಿಗೆ ಎರಡನೇ ಸಲ ಇಷ್ಟು ಸುಲಭವಾಗಿ ಮೋಸವಾಗುತ್ತೆ ಅಂದರೆ, ಮೊದಲ ಸಲ ಮಾಡುವವರ ಪಾಡೇನು?

ಅದಕ್ಕೇ ಫೈಲ್ ನೋಡಿ ನಂಬಬೇಡಿ. ‘ಎಸ್‌ಎಸ್‌ಎಚ್‌ಡಿ’ ಕಮಾಂಡಿಗೆ ದೊಡ್ಡಕ್ಷರದ ‘ಟಿ’ ಆಯ್ಕೆ ಕೊಟ್ಟು ಓಡಿಸಿದರೆ, ಎಲ್ಲ ಫೈಲ್‌ಗಳನ್ನೂ ಓದಿ ಕೊನೆಗೆ ತಾನು ಪಾಲಿಸುವುದು ಏನು ಅಂತ ಅದೇ ಬಾಯಿಬಿಡುತ್ತದೆ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿದೆ. ಕೀ ಇಲ್ಲದ ಬೇರೆ ಯಾವುದಾದರೂ ಕಂಪ್ಯೂಟರ್‌ನಿಂದ ಲಾಗಿನ್ ಆಗಲು ನೋಡಿ. ಪಾಸ್‌ವರ್ಡ್ ಕೇಳಿತು ಅಂದರೆ ಬಾಗಿಲು ತೆರೆದಿದೆ. ಏನನ್ನೂ ಕೇಳದೆ ‘ಪರ್ಮಿಷನ್ ಡಿನೈಡ್, ಪಬ್ಲಿಕ್ ಕೀ’ ಅಂದರೆ ಮುಚ್ಚಿದೆ. ಪ್ರಶ್ನೆಯೇ ಬರಬಾರದು.

ಒಂದು ಎಚ್ಚರಿಕೆ. ಇದನ್ನೆಲ್ಲ ಮಾಡುವಾಗ ಹಳೆಯ ಟರ್ಮಿನಲ್ ಕಿಟಕಿಯನ್ನು ಮುಚ್ಚಬೇಡಿ. ಇನ್ನೊಂದು ಕಿಟಕಿಯಲ್ಲಿ ಹೊಸದಾಗಿ ಲಾಗಿನ್ ಆಗಿ ನೋಡಿ, ಆದ ಮೇಲಷ್ಟೇ ಮೊದಲನೆಯದನ್ನು ಮುಚ್ಚಿ. ಕೂತ ಕೊಂಬೆ ಕಡಿದುಕೊಂಡವರ ಫೋನು ನನಗೆ ಬರುತ್ತಲೇ ಇರುತ್ತದೆ.

ರೂಟ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಲಿನಕ್ಸ್ ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಇರುವ ಎಸ್‌ಎಸ್‌ಎಚ್ ಅಂದರೆ ಓಪನ್‌ಎಸ್‌ಎಸ್‌ಎಚ್. ಅದರವರು 2015ರ 7.0 ಆವೃತ್ತಿಯಿಂದ ರೂಟ್‌ಗೆ ಪಾಸ್‌ವರ್ಡ್ ಲಾಗಿನ್ ತಾವಾಗಿಯೇ ನಿಲ್ಲಿಸಿದ್ದಾರೆ. ಬಾಡಿಗೆ ಕೊಡುವವರು ಅದನ್ನು ಮತ್ತೆ ತೆರೆದಿಟ್ಟಿರಬಹುದು, ನೋಡಿಕೊಳ್ಳಿ. ‘ಅಲೋ ಯೂಸರ್ಸ್’ ಸಾಲಿನಲ್ಲಿ ಯಾರ್ಯಾರು ಬರಬಹುದು ಅಂತ ಹೆಸರು ಹಿಡಿದು ಬರೆದರೆ ಇನ್ನೂ ಒಳ್ಳೆಯದು. ಆ ಸಾಲು ಇದ್ದಿದ್ದರೆ ನನ್ನ ‘ಟೆಸ್ಟ್’ ಅವತ್ತು ಬಾಗಿಲಲ್ಲೇ ನಿಲ್ಲುತ್ತಿದ್ದ. ಪಾಪ, ಅಕ್ಕನ ಮಗನೂ ನಿಲ್ಲುತ್ತಿದ್ದ.

ಈಗ ‘ನಾಳೆ ಬಾ’ ವಿಷಯ, ಅಂದರೆ ಫೇಲ್‌ಟುಬ್ಯಾನ್. 2004ರಿಂದ ಇರುವ ಪೈಥಾನ್ ಪ್ರೋಗ್ರಾಂ. ಲಾಗ್ ಓದುತ್ತಾ ಕೂರುತ್ತದೆ. ಒಂದೇ ವಿಳಾಸದಿಂದ 10 ನಿಮಿಷದಲ್ಲಿ 5 ಸಲ ಸೋತರೆ ಫೈರ್‌ವಾಲ್‌ಗೆ ಹೇಳಿ 10 ನಿಮಿಷ ಹೊರಗಿಡುತ್ತದೆ. ಇವೆಲ್ಲ ಅದರ ಜೊತೆಗೇ ಬರುವ ಅಂಕಿಗಳು, ಬದಲಿಸಿಕೊಳ್ಳಬಹುದು. ಒಳ್ಳೆಯ ಸಾಧನ, ನನ್ನ ಎಲ್ಲ ಸರ್ವರ್‌ಗಳಲ್ಲೂ ಇದೆ. ಆದರೆ ಅದು ಮಾಡುವ ಕೆಲಸ ಏನು ಅಂತ ಸರಿಯಾಗಿ ತಿಳಿದಿರಬೇಕು. ಅದು ತಟ್ಟುವವನನ್ನು ನಿಧಾನ ಮಾಡುತ್ತದೆ ಅಷ್ಟೇ, ನಿಮ್ಮ ಪಾಸ್‌ವರ್ಡನ್ನು ಗಟ್ಟಿ ಮಾಡುವುದಿಲ್ಲ. ಬಾಟ್‌ನೆಟ್ ಹತ್ತಿರ ಸಾವಿರಾರು ಯಂತ್ರಗಳಿದ್ದರೆ ಒಂದೊಂದು ಯಂತ್ರ ಎರಡೆರಡು ಸಲ ತಟ್ಟಿ ಸುಮ್ಮನಾಗುತ್ತದೆ. ಐದರ ಲೆಕ್ಕ ತುಂಬುವುದೇ ಇಲ್ಲ. ಬರಹ ಓದಿ ಹಿಂದೆ ಹೋಗುವುದು ಒಂದು ದೆವ್ವ, ಮುಂದಿನ ತಟ್ಟು ಇನ್ನೊಂದು ದೆವ್ವದ್ದು. ನನ್ನ ‘ಟೆಸ್ಟ್123’ ಬಿದ್ದದ್ದು ಫೇಲ್‌ಟುಬ್ಯಾನ್ ಓಡುತ್ತಿರುವಾಗಲೇ. ಚೀಟಿಯ ಮೊದಲ ಕೆಲವು ಸಾಲುಗಳಲ್ಲೇ ಇರುವ ಪಾಸ್‌ವರ್ಡಿಗೆ ಐದು ಅವಕಾಶವೇ ಧಾರಾಳ.

ಅದರಲ್ಲೂ ಒಂದೆರಡು ಗುಂಡಿಗಳಿವೆ. ಇನ್ನೊಂದು ಲಿನಕ್ಸ್ ಆದ ಡೆಬಿಯನ್ 12ರಲ್ಲಿ ಲಾಗಿನ್ ದಾಖಲೆಯ ಹಳೆಯ ‘ಆಥ್ ಲಾಗ್’ ಫೈಲ್ ತಾನಾಗಿ ಬರುವುದಿಲ್ಲ, ಎಲ್ಲ ಸಿಸ್ಟಮ್‌ಡಿಯ (ಹಿನ್ನೆಲೆಯ ಸೇವೆಗಳನ್ನು ನಡೆಸುವ ಪ್ರೋಗ್ರಾಂ) ಜರ್ನಲ್‌ಗೆ ಹೋಗುತ್ತದೆ. ಇಲ್ಲವೇ ಇಲ್ಲದ ಆ ಫೈಲನ್ನು ಫೇಲ್‌ಟುಬ್ಯಾನ್ ಹುಡುಕಿ, ಸಿಗದೆ, ಶುರುವಾಗದೆ ಬಿದ್ದಿರುತ್ತದೆ. ಇನ್‌ಸ್ಟಾಲ್ ಮಾಡಿದವರು ಅದು ಓಡುತ್ತಿದೆ ಅಂದುಕೊಂಡಿರುತ್ತಾರೆ. ‘ಬ್ಯಾಕೆಂಡ್’ ಸಾಲಿನಲ್ಲಿ ‘ಸಿಸ್ಟಮ್‌ಡಿ’ ಅಂತ ಬರೆದರೆ ಸರಿಹೋಗುತ್ತದೆ. ಇನ್ನೊಂದು, ಕಾಲೇಜು ಲ್ಯಾಬ್‌ನ 60 ಯಂತ್ರಗಳೂ ಹೊರಗೆ ಕಾಣುವುದು ಒಂದೇ ಐಪಿಯಾಗಿ. ಹಿಂದಿನ ಬೆಂಚಿನ ಒಬ್ಬ ಹುಡುಗ ಐದು ಸಲ ತಪ್ಪು ಒತ್ತಿದ ಅಂದರೆ ಇಡೀ ತರಗತಿ ಹೊರಗೆ, ಮೇಷ್ಟ್ರೂ ಹೊರಗೆ. ‘ಇಗ್ನೋರ್ ಐಪಿ’ ಸಾಲಿನಲ್ಲಿ ನಿಮ್ಮ ವಿಳಾಸ ಬರೆದಿಡಿ. ಅಂದಹಾಗೆ 2024ರ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8 ಈ ದಂಡ ಹಾಕುವ ಕೆಲಸವನ್ನು ತಾನೇ ಕಲಿತುಕೊಂಡಿದೆ, ಹೊರಗಿನ ಸಹಾಯ ಬೇಕಿಲ್ಲ.

ಪೋರ್ಟ್ 22 ಬದಲಿಸಿ ಅಂತ ಹೇಳುವವರಿದ್ದಾರೆ. ಬದಲಿಸಿ, ಬೇಡ ಅನ್ನುವುದಿಲ್ಲ. ಲಾಗ್ ತೆಳುವಾಗುತ್ತದೆ, ಕಣ್ಣಿಗೆ ಆರಾಮ. ಭದ್ರತೆ ಅಂತ ಮಾತ್ರ ಅನ್ನಬೇಡಿ, ಹುಡುಕುವವನಿಗೆ ಅದು ಸಿಗುತ್ತದೆ. ಉಬುಂಟು 22.10ರಿಂದೀಚೆಗೆ ಪೋರ್ಟ್‌ನಲ್ಲಿ ಕಿವಿಗೊಟ್ಟು ಕೂರುವುದು ಸಿಸ್ಟಮ್‌ಡಿಯ ಸಾಕೆಟ್. ಹಾಗಾಗಿ ಫೈಲಿನಲ್ಲಿ ಪೋರ್ಟ್ ತಿದ್ದಿ ಎಸ್‌ಎಸ್‌ಎಚ್ ಒಂದನ್ನೇ ರೀಸ್ಟಾರ್ಟ್ ಮಾಡಿದರೆ ಏನೂ ಬದಲಾಗದೆ ತಲೆ ಕೆರೆದುಕೊಳ್ಳುತ್ತೀರಿ.

ನನಗೆ ಇಷ್ಟವಾದ ದಾರಿ ಬೇರೆ. ಬೀದಿಯಿಂದ ಬಾಗಿಲೇ ಕಾಣದ ಹಾಗೆ ಮಾಡುವುದು. ವೈರ್‌ಗಾರ್ಡ್ ಅನ್ನುವ ವಿಪಿಎನ್ (ಇಂಟರ್‌ನೆಟ್ ಒಳಗಿನ ಖಾಸಗಿ ಸುರಂಗ) 2020ರ ಮಾರ್ಚ್‌ನಲ್ಲಿ ಬಂದ 5.6ರಿಂದ ಲಿನಕ್ಸ್ ಕರ್ನಲ್ ಒಳಗೇ ಇದೆ. ಸರಿಯಾದ ಕೀ ಇಲ್ಲದವನು ತಟ್ಟಿದರೆ ಅದು ಬೈಯುವುದೂ ಇಲ್ಲ, ‘ಇಲ್ಲ’ ಅನ್ನುವುದೂ ಇಲ್ಲ. ಮೌನ. ಮನೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಎಸ್‌ಎಸ್‌ಎಚ್ ಅನ್ನು ಅದರ ಹಿಂದೆ ಇಟ್ಟು ಹೊರಗಿನ 22ನ್ನು ಫೈರ್‌ವಾಲ್‌ನಲ್ಲಿ ಮುಚ್ಚಿಬಿಟ್ಟರೆ ಲಾಸ್ಟ್‌ಬಿ ಖಾಲಿ ಹೊಡೆಯುತ್ತದೆ.

ಲಾಗ್ ಬಗ್ಗೆ ನಮ್ಮ ದೇಶದ್ದೇ ಒಂದು ಮಾತು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಇಡಬೇಕು, ಒಳನುಗ್ಗಿದ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು. ಉಬುಂಟು ತಾನಾಗಿ ‘ಆಥ್ ಲಾಗ್’ ಇಟ್ಟುಕೊಳ್ಳುವುದು ವಾರಕ್ಕೊಂದರಂತೆ ನಾಲ್ಕು ಹಳೆಯ ಪ್ರತಿ, ಅಂದರೆ ಸುಮಾರು ಒಂದು ತಿಂಗಳು. ಎಷ್ಟು ಹಳೆಯ ಪ್ರತಿ ಇಡಬೇಕು ಅಂತ ನೋಡಿಕೊಳ್ಳುವುದು ಲಾಗ್‌ರೊಟೇಟ್. ಸಂಸ್ಥೆಯ ಸರ್ವರ್ ನೋಡಿಕೊಳ್ಳುವವರು ಅದರ ಅಂಕಿಯನ್ನು ಇವತ್ತೇ ತಿದ್ದಿ.

ಈ ತಟ್ಟುವವರಿಂದ ಲೋಕಕ್ಕೆ ಒಮ್ಮೆ ಉಪಕಾರವೂ ಆಗಿದೆ, ಅದನ್ನು ಹೇಳದಿದ್ದರೆ ಅನ್ಯಾಯ. 2024ರ ಮಾರ್ಚ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ಏನೋ ವೇಗ ಅಳೆಯುತ್ತಿದ್ದರು. ಯಂತ್ರ ಸುಮ್ಮನಿರಬೇಕಾದ ಹೊತ್ತಿನಲ್ಲಿ ಎಸ್‌ಎಸ್‌ಎಚ್‌ಡಿ ಸಿಪಿಯು ತಿನ್ನುತ್ತಿತ್ತು. ತಪ್ಪು ಯೂಸರ್‌ನೇಮ್ ಹಿಡಿದು ಬಂದವರು ಬಾಗಿಲಲ್ಲೇ ಬಿದ್ದುಹೋಗುತ್ತಿದ್ದರು, ಅದಕ್ಕೆ ಇಷ್ಟು ಸಿಪಿಯು ಯಾಕೆ? ಲಾಗಿನ್ ಕೂಡ ಅರ್ಧ ಸೆಕೆಂಡ್ ತಡ. ಬೆನ್ನು ಹತ್ತಿ ಹೋದರೆ ಸಿಕ್ಕಿದ್ದು, ಫೈಲ್ ಕುಗ್ಗಿಸಲು ಬಳಸುವ, ಕೆಲವು ಲಿನಕ್ಸ್‌ಗಳಲ್ಲಿ ಎಸ್‌ಎಸ್‌ಎಚ್‌ಡಿ ಒಳಗೂ ಸೇರಿಕೊಳ್ಳುವ ಎಕ್ಸ್‌ಝೆಡ್ ಲೈಬ್ರರಿಯ 5.6.0 ಮತ್ತು 5.6.1ರಲ್ಲಿ ಯಾರೋ ಹೂತಿಟ್ಟಿದ್ದ ಕಳ್ಳಬಾಗಿಲು. ಅದು ಎಲ್ಲ ಕಡೆ ಹರಡಿದ್ದರೆ ನಾನು ಇಷ್ಟೊತ್ತು ಹೇಳಿದ ಕೀ, ಫೇಲ್‌ಟುಬ್ಯಾನ್ ಎಲ್ಲ ನೀರಲ್ಲಿ ಹೋಮ ಮಾಡಿದಂತೆ. ಬಾಗಿಲಲ್ಲಿ ಗದ್ದಲ ಮಾಡುತ್ತಿದ್ದ ಪುಡಿಗಳ್ಳರಿಂದಾಗಿ ದೊಡ್ಡ ಕಳ್ಳನ ಗುಟ್ಟು ಬಯಲಾಯಿತು.

ಇನ್ನು ಪ್ರಶ್ನೆಗಳು. ಒಬ್ಬ ವಿದ್ಯಾರ್ಥಿ ಎದ್ದುನಿಂತು, ‘ಸರ್, ಕೀ ಇರೋ ಲ್ಯಾಪ್‌ಟಾಪೇ ಕಳೆದುಹೋದ್ರೆ?’ ಅಂದ. ಅದಕ್ಕೇ ಎರಡು ಕೀ ಇಡಿ, ಒಂದು ಮನೆಯ ಬೀರುವಿನಲ್ಲಿ ಪೆನ್‌ಡ್ರೈವ್‌ನಲ್ಲಿರಲಿ. ಪಾಸ್‌ಫ್ರೇಸ್ ಇದ್ದರೆ ಕದ್ದವನಿಗೆ ತಕ್ಷಣ ಅದು ಉಪಯೋಗಕ್ಕೆ ಬರುವುದಿಲ್ಲ, ಅಷ್ಟರಲ್ಲಿ ನೀವು ಇನ್ನೊಂದು ಕೀ ಹಿಡಿದು ಒಳಗೆ ಹೋಗಿ ಹಳೆಯದರ ಸಾಲು ಅಳಿಸಬಹುದು. ಎರಡೂ ಹೋದರೆ ಬಾಡಿಗೆ ಕೊಟ್ಟವರ ವೆಬ್ ಕನ್ಸೋಲ್ ಇದ್ದೇ ಇದೆ. ಹಾಗಂತ ಆ ಕನ್ಸೋಲ್ ಖಾತೆಯ ಪಾಸ್‌ವರ್ಡ್ ಊರಿನ ಹೆಸರು ಮತ್ತು 123 ಆಗಿದ್ದರೆ ಮತ್ತೆ ಕಥೆ ಮೊದಲಿಂದ. ಅಲ್ಲಿ ಎರಡನೇ ಹಂತದ ಒಟಿಪಿ ಇರಲೇಬೇಕು. ಓಪನ್‌ಎಸ್‌ಎಸ್‌ಎಚ್‌ನ 2020ರ 8.2 ಆವೃತ್ತಿಯಿಂದ ಯುಎಸ್‌ಬಿ ಭದ್ರತಾ ಕೀಗಳೂ ಎಸ್‌ಎಸ್‌ಎಚ್ ಜೊತೆ ಕೆಲಸ ಮಾಡುತ್ತವೆ, ದುಡ್ಡಿದ್ದವರು ನೋಡಿ.

ಇನ್ನೊಬ್ಬರು, ‘ಹೊರದೇಶದ ಐಪಿಗಳನ್ನೆಲ್ಲ ಬ್ಲಾಕ್ ಮಾಡಿದ್ರೆ ಆಯ್ತಲ್ವಾ?’ ಅಂದರು. ನನಗೆ ಅದರಲ್ಲಿ ನಂಬಿಕೆ ಕಮ್ಮಿ. ತಟ್ಟುವ ಯಂತ್ರಗಳಲ್ಲಿ ಎಷ್ಟೋ ನನ್ನ ಹಳೆಯ ಸರ್ವರ್‌ನಂಥ ಬಡಪಾಯಿಗಳು. ಅವು ನಮ್ಮ ದೇಶದಲ್ಲೂ ಇವೆ. ಆ ಮೂರು ದಿನ ಭಾರತದ ವಿಳಾಸದಿಂದಲೇ ನನ್ನ ಸರ್ವರ್ ಯಾರ್ಯಾರ ಬಾಗಿಲು ತಟ್ಟಿತ್ತೋ.

ಕೊನೆಗೆ ಒಂದು ಶಾಲೆಯ ಸರ್ವರ್ ನೋಡಿಕೊಳ್ಳುವ ಮೇಡಂ ಕೇಳಿದರು. ‘ನಮ್ಮ ಹತ್ತು ಜನ ಟೀಚರ್‌ಗಳು ಫೈಲ್ ಹಾಕ್ಬೇಕು. ಅವರಿಗೆ ಕೀ ಗೀ ಅಂದ್ರೆ ಅರ್ಥ ಆಗಲ್ಲ. ಏನ್ ಮಾಡ್ಲಿ?’ ಒಳ್ಳೆಯ ಪ್ರಶ್ನೆ, ನಿಜ ಜೀವನದ ಪ್ರಶ್ನೆ. ಕಾನ್ಫಿಗ್ ಫೈಲಿನ ಕೊನೆಯಲ್ಲಿ ‘ಮ್ಯಾಚ್ ಅಡ್ರೆಸ್’ ಅಂತ ಒಂದು ಭಾಗ ಬರೆಯಬಹುದು. ಮೊದಲು ಕಂಡದ್ದೇ ಕೊನೆ ಮಾತು ಅಂದೆನಲ್ಲ, ಈ ಭಾಗ ಅದಕ್ಕೆ ಹೊರತು. ಸರ್ವರ್ ಶಾಲೆಯೊಳಗೇ ಇದ್ದರೆ ಅಲ್ಲಿನ ಒಳ ನೆಟ್‌ವರ್ಕ್, ಹೊರಗಿದ್ದರೆ ಶಾಲೆಯ ಸ್ಥಿರ ಐಪಿ. ಆ ವಿಳಾಸದಿಂದ ಬಂದವರಿಗೆ ಮಾತ್ರ ಪಾಸ್‌ವರ್ಡ್ ಕೇಳುತ್ತದೆ, ಉಳಿದ ಲೋಕಕ್ಕೆಲ್ಲ ಕೀ ಒಂದೇ. ಟೀಚರ್‌ಗಳ ಗುಂಪಿಗೆ ಫೈಲ್ ಹಾಕುವ ಅವಕಾಶ ಮಾತ್ರ ಕೊಟ್ಟು, ಕಮಾಂಡ್ ಓಡಿಸುವ ಶೆಲ್ ಕೊಡದಿರುವುದೂ ಸಾಧ್ಯ. ಮೇಡಂ ಬರೆದುಕೊಂಡರು. ಬರೆದುಕೊಂಡು, ‘ಮನೆಯಿಂದ ಹಾಕೋರಿಗೆ?’ ಅಂದರು. ಅಲ್ಲಿಂದ ಮಾತು ವೈರ್‌ಗಾರ್ಡ್ ಕಡೆ ತಿರುಗಿತು. ಊಟದ ಹೊತ್ತಿಗೆ ಅವರ ಫೋನಿನಲ್ಲೇ ಅದನ್ನು ಹಾಕಿ, ಕ್ಯೂಆರ್ ಕೋಡ್ ತೋರಿಸಿ ಜೋಡಿಸಿಕೊಟ್ಟೆ. ಸಾರು ಆರಿಹೋಗಿತ್ತು, ಹೋಳಿಗೆ ಮಾತ್ರ ಇನ್ನೂ ಉಳಿದಿತ್ತು.